ಬಿಚ್ಚಿ ನೋಡದ ಹಾಸಿಗೆ

ನಮ್ಮ ಹಡಗಿನಲ್ಲಿ ಹದಿನಾಲ್ಕು ಜನ ಪ್ರವಾಸಿಗರಿಗಷ್ಟೇ ಜಾಗ. ಪ್ಲಾಸ್ಟಿಕ್ ತರುವಂತಿಲ್ಲ, ಕಸ ಮುಸುರೆ ನೀರಿಗೆ ಸುರಿಯುವಂತಿಲ್ಲ, ಹಕ್ಕಿಗಳ ದ್ವೀಪ ಹತ್ತಿರ ಬಂದರೆ ಎಂಜಿನ್ ಸದ್ದೂ ತಗ್ಗಬೇಕು. ಇಳಿಯುವ ಮುಂಚೆ ಪ್ರತಿಯೊಬ್ಬರ ಬೂಟಿನ ಅಡಿ ಉಜ್ಜಿ, ಚೀಲ ತಲೆಕೆಳಗು ಮಾಡಿ ಕೊಡವಿ, ಪ್ಯಾಂಟಿನ ಮಡಿಕೆಯಲ್ಲಿ ಒಂದು ಹುಲ್ಲಿನ ಬೀಜ ಸಿಕ್ಕಿದರೂ ಚಿಮುಟದಲ್ಲಿ ಕಿತ್ತು ತೆಗೆಯುವುದು ನನ್ನ ಕೆಲಸ. ಹಡಗಿನವರು ನನಗಿಟ್ಟ ಹೆಸರು ಬೂಟು ಪೊಲೀಸ್. ಹನ್ನೊಂದು ವರ್ಷದಲ್ಲಿ ಯಾರ ಮುಲಾಜಿಗೂ ಬಿದ್ದವಳಲ್ಲ. ಒಬ್ಬ ನ್ಯಾಯಾಧೀಶರ ಕಾಲುಚೀಲವನ್ನೂ ಬಿಚ್ಚಿಸಿದ್ದೇನೆ.

ಆ ದ್ವೀಪದಲ್ಲಿ ಮರಗಳಿಲ್ಲ. ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಹಲ್ಲಿರುವ ಪ್ರಾಣಿಯನ್ನು ಕಂಡೇ ಇಲ್ಲದ್ದರಿಂದ ಅವಕ್ಕೆ ಹೆದರುವುದೂ ಗೊತ್ತಿಲ್ಲ. ಅವುಗಳನ್ನು ಕಾಯುವವಳು ನನ್ನ ಅಕ್ಕ. ಹತ್ತೊಂಬತ್ತು ವರ್ಷದಿಂದ ಅಲ್ಲೊಂದು ಹಲಗೆಯ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಮದುವೆ, ಮಕ್ಕಳು ಎಂದು ಯಾರಾದರೂ ಶುರು ಮಾಡಿದರೆ, "ನನಗಿಲ್ಲಿ ನಾಲ್ಕು ಸಾವಿರ ಮಕ್ಕಳಿದ್ದಾರೆ, ಬಾಣಂತನ ಮಾಡೋಕೆ ನೀವು ಬರ್ತೀರಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಈ ಸಲ ಮೊಟ್ಟೆ ಇಡುವ ಕಾಲ ಶುರುವಾಗುವಾಗ ಅವಳಿಗೆ ಬೆನ್ನು ಹಿಡಿದುಕೊಂಡಿತ್ತು. ಬರಿಯ ಹಲಗೆಯ ಮೇಲೆ ಮಲಗುತ್ತಿದ್ದಾಳೆಂದು ನನ್ನ ಕರುಳು ಚುರುಕ್ ಎಂದಿತು. ನಮ್ಮ ಮನೆಯ ಉಗ್ರಾಣದಲ್ಲಿದ್ದ ಹತ್ತಿ ಹಾಸಿಗೆಯನ್ನು ಸುತ್ತಿ, ಹಗ್ಗ ಬಿಗಿದು ಹಡಗಿಗೆ ತಂದೆ.

"ಬಿಚ್ಚಿ ನೋಡಿದ್ಯೇನಮ್ಮ?" ಕ್ಯಾಪ್ಟನ್ ಕೇಳಿದರು.

"ನಮ್ಮನೆ ಹಾಸಿಗೆ ಸಾರ್. ನನಗೇ ಪಾಠ ಹೇಳ್ಕೊಡ್ತೀರಾ?"

ಅವರು ನಕ್ಕು ತಮ್ಮ ಕೆಲಸಕ್ಕೆ ಹೋದರು. ನಾನು ಬಿಚ್ಚಲಿಲ್ಲ. ಮತ್ತೆ ಸುತ್ತುವುದು ಯಾರು ಎಂಬ ಸೋಮಾರಿತನ, ಅಷ್ಟೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಹಾಸಿಗೆಯನ್ನು ಅಕ್ಕನ ಕೋಣೆಗೆ ತಲುಪಿಸಿ ಬಂದ ಮೇಲೆ ಎರಡು ತಿಂಗಳು ಸಮುದ್ರ ಕೆಟ್ಟಿತ್ತು. ಅಕ್ಕನ ವೈರ್‌ಲೆಸ್ ಕೂಡ ಕೆಲಸ ಮಾಡುತ್ತಿರಲಿಲ್ಲ. ಮತ್ತೆ ಹೋದಾಗ, ಪ್ರವಾಸಿಗರನ್ನು ಹಡಗಿನಲ್ಲೇ ಬಿಟ್ಟು, ಎಂದಿನಂತೆ ನಾನೊಬ್ಬಳೇ ಮೊದಲು ದೋಣಿಯಲ್ಲಿ ದಡಕ್ಕೆ ಹೋದೆ. ಅಲ್ಲಿ ಹಕ್ಕಿಗಳ ಗಲಾಟೆಗೆ ಯಾವಾಗಲೂ ಕೂಗಿ ಮಾತಾಡಬೇಕು. ಈ ಸಲ ದೋಣಿಯ ಹುಟ್ಟಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಅಕ್ಕ ಬಂದು ಅಂಗೈ ಚಾಚಿದಳು. ಒಂದು ಮೊಟ್ಟೆಯ ಚಿಪ್ಪು, ಅದರ ಅಂಚಿನಲ್ಲಿ ಸಣ್ಣ ಹಲ್ಲುಗಳ ಗುರುತು.

"ಇಲಿ ಕಣೇ. ಒಂದೆರಡಲ್ಲ. ಮರಿಗಳನ್ನ ಜೀವಂತ ತಿಂದಿವೆ. ತಾಯಿ ಪಕ್ಕದಲ್ಲೇ ಕೂತು ನೋಡ್ತಿತ್ತು, ಏನು ಮಾಡ್ಬೇಕು ಅಂತಾನೇ ಗೊತ್ತಿಲ್ಲ ಅದಕ್ಕೆ." ಅವಳು ಚಿಪ್ಪನ್ನು ನನ್ನ ಕೈಗಿಟ್ಟಳು. "ಉಳಿದವೆಲ್ಲ ಎದ್ದು ಹೋದ್ವು. ಹೀಗೆ ಹೋದವು ವಾಪಸ್ ಬರಲ್ಲ. ನಿನ್ನ ಟೂರಿಸ್ಟು ಯಾವನೋ ಚೀಲದಲ್ಲಿ ತಂದಿರ್ಬೇಕು. ಯಾರನ್ನ ಹಾಗೇ ಬಿಟ್ಟೆ, ನೆನಪು ಮಾಡ್ಕೋ."

"ಯಾರನ್ನೂ ಬಿಟ್ಟಿಲ್ಲ ಅಕ್ಕಾ," ಎಂದೆ. ಹೇಳುವಾಗಲೇ ಆ ಹಾಸಿಗೆ ನೆನಪಾಯಿತು.

ಕೋಣೆಗೆ ಓಡಿ ಹಾಸಿಗೆಯನ್ನು ಮಗುಚಿದೆ. ಹೊಲಿಗೆಯ ಮೂಲೆಯಲ್ಲಿ ಮುಷ್ಟಿ ಹಿಡಿಸುವಷ್ಟು ತೂತು. ಹತ್ತಿಯ ನಡುವೆ ನೀಲಿ ಬಟ್ಟೆಯ ಚೂರುಗಳಿಂದ ಮಾಡಿದ ಗೂಡು. ಆ ನೀಲಿ ನನಗೆ ಗೊತ್ತು. ನಮ್ಮ ಉಗ್ರಾಣದ ಕಿಟಕಿಯ ಪರದೆ ಅದು. ಬಸುರಿ ಇಲಿಯನ್ನು ಬೆಚ್ಚಗೆ ಸುತ್ತಿ, ಹಗ್ಗ ಬಿಗಿದು, ನಾನೇ ಹೆಗಲ ಮೇಲೆ ಹೊತ್ತು ತಂದಿದ್ದೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ನಾನೇ ಅಕ್ಕಾ," ಎಂದೆ. ಅವಳು ಬೈದು ನಾಲ್ಕು ಬಿಗಿದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಬಂದು ಹಾಸಿಗೆಯ ಅಂಚಿನಲ್ಲಿ ಕೂತು, ಆ ನೀಲಿ ಚೂರುಗಳನ್ನು ನೋಡುತ್ತಲೇ ಇದ್ದಳು.

"ಬೆನ್ನು ನೋವು ಪೂರ್ತಿ ಹೋಗಿತ್ತು ಕಣೇ," ಎಂದಳು ಕೊನೆಗೆ. ಆಮೇಲೆ, "ಅವರನ್ನ ಕರ್ಕೊಂಡು ಬಾ, ಪಾಪ, ದೂರದಿಂದ ಬಂದಿದ್ದಾರೆ. ಬೂಟು ಉಜ್ಜೋದೇನೂ ಬೇಡ ಇನ್ಮೇಲೆ."

ಹಡಗಿಗೆ ಮರಳಿದೆ. ಹದಿನಾಲ್ಕು ಜನವೂ, ನಾನೇ ಬೆಳಿಗ್ಗೆ ಹೇಳಿಕೊಟ್ಟ ಹಾಗೆ, ಖಾಲಿ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಮುಂದಿದ್ದ ಅಜ್ಜಿ ನನ್ನ ಹೆಗಲು ಹಿಡಿದು ಕಾಲೆತ್ತಿ, "ಸರಿಯಾಗಿ ನೋಡಮ್ಮ, ನನ್ನಿಂದ ಆ ಹಕ್ಕಿಗಳಿಗೆ ಏನೂ ಆಗ್ಬಾರ್ದು," ಎಂದರು.

ನಾನು ಬ್ರಷ್ ತೆಗೆದುಕೊಂಡು ಉಜ್ಜತೊಡಗಿದೆ.