ಮಾಳಿಗೆಯ ಡಬ್ಬಿ, ಕಡಲ ಮೇಲಿನ ಗೆರೆ

"ಏನ್ರೀ, ನೆಟ್ ಮತ್ತೆ ಹೋಯ್ತಲ್ರೀ!"

ತಂತಿಯಣ್ಣನ ತಲೆ ತಿನ್ನುತ್ತಿದ್ದುದು ಗಿರಾಕಿಗಳ ಈ ಒಂದು ಮಾತು. ಊಟಕ್ಕೆ ಕೂತರೂ ಇದೇ, ಸ್ನಾನಕ್ಕೆ ಹೊರಟರೂ ಇದೇ. ಹಿಂದೆ ಕೇಬಲ್ ಟೀವಿಯ ಕಾಲದಲ್ಲಿ ಕಂಬದಿಂದ ಕಂಬಕ್ಕೆ ತಂತಿ ಎಳೆಯುತ್ತಿದ್ದವನು ಅವನು. ಆ ಹೆಸರು ಹಾಗೇ ಅಂಟಿಕೊಂಡಿತು. ಈಗ ನೋಡಿದರೆ ಅವನ ಕಸುಬಿನಲ್ಲಿ ತಂತಿಗೆ ಹೆಚ್ಚು ಕೆಲಸವೇ ಇಲ್ಲ. ಬಂದರಿನ ಹಿಂದಿನ ಬೀದಿಯಲ್ಲಿ ಅವನ ಮನೆ. ಮಾಳಿಗೆಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ಅಂಗೈ ಅಗಲದ ಬಿಳಿ ಡಬ್ಬಿ, ಅದಕ್ಕೊಂದು ತಟ್ಟೆಯಂಥ ಆಂಟೆನಾ. ಆ ಡಬ್ಬಿ ಗಾಳಿಯಲ್ಲೇ ಇಂಟರ್ನೆಟ್ ಕಳಿಸುತ್ತದೆ, ಸುತ್ತಲಿನ ಅಂಗಡಿ ಮನೆಗಳ ಡಬ್ಬಿಗಳು ಅದನ್ನು ಹಿಡಿದುಕೊಳ್ಳುತ್ತವೆ.

ಹಿಡಿದುಕೊಂಡರೆ ಸರಿ. ಆಗಾಗ ಆ ದೊಡ್ಡ ಡಬ್ಬಿ ಇದ್ದಕ್ಕಿದ್ದಂತೆ ಸುಮ್ಮನಾಗಿಬಿಡುತ್ತಿತ್ತು. ಒಂದೆರಡು ನಿಮಿಷ ಬಾಯಿ ಮುಚ್ಚಿ ಕೂತು, ಬೇರೆ ಚಾನೆಲ್, ಅಂದರೆ ಗಾಳಿಯಲ್ಲಿ ಬೇರೊಂದು ತರಂಗದ ದಾರಿ, ಹುಡುಕಿಕೊಂಡು, ಮತ್ತೆ ಶುರುವಾಗುತ್ತಿತ್ತು. ಅಷ್ಟರೊಳಗೆ ಬೀದಿಯೆಲ್ಲ ಗಲಾಟೆ. ಒಮ್ಮೆ ಹಲ್ಲಿನ ಡಾಕ್ಟರು ಫೋನಿನಲ್ಲೇ ಕೂಗಾಡಿದರು:

"ರೋಗಿ ಬಾಯಿ ತಕ್ಕೊಂಡು ಕೂತಿದ್ದಾನೆ, ಎಕ್ಸ್‌ರೇ ಬರ್ತಿಲ್ಲ. ನಾನೂ ಅವನ ಜೊತೆ ಬಾಯಿ ತಕ್ಕೊಂಡು ಕೂರ್ಲೇನ್ರೀ?"

ತಂತಿಯಣ್ಣನಿಗೆ ಅವಮಾನವಾಯಿತು. ಲ್ಯಾಪ್‌ಟಾಪ್ ತೆಗೆದು ಡಬ್ಬಿಯ ಸೆಟ್ಟಿಂಗು ಕೆದಕಲು ಕೂತ. ಅಲ್ಲೊಂದು ಪ್ರಶ್ನೆ ಇತ್ತು: ಯಾವ ದೇಶ? ತನ್ನ ದೇಶದ ಹೆಸರು ತೆಗೆದು, ಕೆಳಗೆ ಸಿಕ್ಕ ಯಾವುದೋ ದೂರದ ದೇಶವನ್ನು ಒತ್ತಿದ. ಏನಾಶ್ಚರ್ಯ! ಡಬ್ಬಿ ಸುಮ್ಮನಾಗುವುದನ್ನೇ ಬಿಟ್ಟಿತು. ಜೊತೆಗೆ ಅದು ಸಿಗ್ನಲ್ ಕಳಿಸುವ ಶಕ್ತಿಯ ಅಂಕಿಯೂ ಏರಿತು. ಅದೂ ಸಾಲದೆಂದು, ಇನ್ನೂ ದೊಡ್ಡ ತಟ್ಟೆಯ ಆಂಟೆನಾ ತಂದು ಬಿಗಿದ.

ಕೆಳಗಿನ ಅಂತಸ್ತಿನಲ್ಲಿ ವಾಸವಿದ್ದ ಅಕ್ಕ ಮಾಳಿಗೆಯಲ್ಲಿ ಕೂತು ಮೀನಿನ ಬಲೆ ರಿಪೇರಿ ಮಾಡುತ್ತಿದ್ದಳು. ಇವನು ಎದೆಯುಬ್ಬಿಸಿ ಹೇಳಿದ:

"ಅಕ್ಕಾ, ನಮ್ಮ ಡಬ್ಬಿ ಫಾರಿನ್‌ಗೆ ಹೋಯ್ತು!"

"ಒಳ್ಳೇದಾಯ್ತು. ಹಾಗೇ ಫಾರಿನ್‌ನಲ್ಲಿ ನನ್ನ ಬಟ್ಟೆ ಒಣಗಿದ್ಯಾ ನೋಡ್ಕೊಂಡು ಬಾ" ಎಂದಳು ಅಕ್ಕ, ತಲೆ ಎತ್ತದೆ.

ಅಂದಿನಿಂದ ಬೀದಿಯಲ್ಲಿ ನೆಟ್ ನಿಂತಿದ್ದೇ ಇಲ್ಲ. ಹಲ್ಲಿನ ಡಾಕ್ಟರು ಎದುರು ಸಿಕ್ಕರೆ ನಗತೊಡಗಿದರು. ತಂತಿಯಣ್ಣನೂ ಮೀಸೆ ತಿರುವಿಕೊಂಡು ಓಡಾಡಿದ.

ಹೀಗಿರುವಾಗ ಒಂದು ಮಧ್ಯಾಹ್ನ, ಬಿಸಿಲು ನೆತ್ತಿ ಸುಡುವ ಹೊತ್ತಿನಲ್ಲಿ, ಅಕ್ಕ ಬಲೆ ರಿಪೇರಿ ಮಾಡುತ್ತ, ತಂತಿಯಣ್ಣ ಪಕ್ಕದಲ್ಲೇ ಕೂತಿದ್ದಾಗ, ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಮಾಳಿಗೆಗೆ ಬಂದರು. ಕೈಯಲ್ಲಿ ಮೀನಿನ ಮುಳ್ಳಿನಂಥ ಆಂಟೆನಾ, ಹೆಗಲಲ್ಲಿ ಒಂದು ಯಂತ್ರ. ಕಂಬದ ಕಡೆ ಆಂಟೆನಾ ತಿರುಗಿಸಿದ್ದೇ ತಡ, ಯಂತ್ರ ಕಿರುಚಿಕೊಂಡಿತು.

"ಬೆಳಗಿಂದ ಬೀದಿ ಬೀದಿ ಅಲೆದೆ. ಕೊನೆಗೂ ಸಿಕ್ತು ನೋಡಿ" ಎಂದು ಅವರು ಬೆವರು ಒರೆಸಿಕೊಂಡರು. "ನಾನು ರೇಡಿಯೊ ತರಂಗಗಳ ಇಲಾಖೆಯಿಂದ ಬಂದಿದ್ದೀನಿ. ಈ ಡಬ್ಬಿ ನಿಮ್ದಾ?"

ತಂತಿಯಣ್ಣ ಕಂಬಕ್ಕೆ ಅಡ್ಡವಾಗಿ ಬಂದು ನಿಂತ. ಬಿಗುಮಾನ ಬಿಡಲಿಲ್ಲ. "ನಂದೇ ಮೇಡಂ. ಇದಕ್ಕೆ ಲೈಸನ್ಸ್ ಬೇಡ ಅಂತ ಅಂಗಡಿಯವನೇ ಹೇಳಿದ್ದಾನೆ."

"ಸರಿಯಾಗೇ ಹೇಳಿದ್ದಾನೆ. ಸೈಕಲ್ಲಿಗೂ ಲೈಸನ್ಸ್ ಬೇಡ. ಹಾಗಂತ ಆಸ್ಪತ್ರೆ ವಾರ್ಡಿನೊಳಗೆ ಬೆಲ್ ಹೊಡ್ಕೊಂಡು ಓಡಿಸ್ತೀರಾ?"

ಅಕ್ಕ ಕಿಸಕ್ಕೆಂದಳು. ತಮ್ಮ ಅವಳನ್ನು ದುರುಗುಟ್ಟಿ ನೋಡಿದ.

"ಲೈಸನ್ಸ್ ಬೇಡ ಅಂದ್ರೆ ಕಾಯಿದೆ ಬೇಡ ಅಂತಲ್ಲ" ಎಂದರು ಮೇಡಂ. "ಇಂಥ ಡಬ್ಬಿಗಳಿಂದ ಬೇರೆಯವರ ಕೆಲಸಕ್ಕೆ ಅಡ್ಡಿ ಆಗಬಾರದು. ಬೇರೆಯವರಿಂದ ನಿಮಗೆ ಅಡ್ಡಿ ಆದ್ರೆ ಸಹಿಸ್ಕೋಬೇಕು. ಆ ಒಪ್ಪಂದದ ಮೇಲೇನೇ ಸರ್ಕಾರ ಇದನ್ನ ಎಲ್ಲರಿಗೂ ಬಿಟ್ಟಿರೋದು. ನೀವು ದೇಶ ಬದಲಾಯಿಸಿದ್ದೀರಲ್ವಾ?"

ಇವರಿಗೆ ಹೇಗೆ ಗೊತ್ತಾಯಿತು? ತಂತಿಯಣ್ಣ ತಬ್ಬಿಬ್ಬಾದ.

"ಮೇಡಂ, ನೀವೇ ಹೇಳಿ. ಆಗಾಗ ನಿಂತುಹೋಗೋ ಡಬ್ಬಿ ಇಟ್ಕೊಂಡು ನಾನು ಯಾರಿಗೆ ಮುಖ ತೋರಿಸ್ಲಿ?"

"ಅದು ಕೆಟ್ಟು ನಿಂತಿದ್ದಲ್ಲ, ಅದು ಡಬ್ಬಿಯ ಮರ್ಯಾದೆ. ಈ ಚಾನೆಲ್‌ಗಳಲ್ಲಿ ರೇಡಾರುಗಳೂ ಕೆಲಸ ಮಾಡ್ತವೆ. ರೇಡಾರಿನ ದನಿ ಕೇಳಿಸಿದ ಕೂಡಲೇ ಡಬ್ಬಿ ಜಾಗ ಬಿಟ್ಟು ಹೋಗಬೇಕು. ಬೇರೆ ಚಾನೆಲ್‌ಗೆ ಹೋದ್ಮೇಲೂ ಮೊದಲು ಕಿವಿಗೊಟ್ಟು ಕೇಳಿ, ಆಮೇಲೆ ಬಾಯಿ ತೆಗೀಬೇಕು. ನೀವು ದೇಶ ಬದಲಾಯಿಸಿ ಅದರ ಕಿವಿಗೆ ಹತ್ತಿ ತುರುಕಿದ್ದೀರಿ."

"ಯಾವ ರೇಡಾರು? ಎಲ್ಲಿದೆ?"

ಮೇಡಂ ಕೈ ಎತ್ತಿ ತೋರಿಸಿದರು. ಊರ ಹಿಂದಿನ ಬೆಟ್ಟದ ನೆತ್ತಿಯಲ್ಲಿ ಬಿಳಿ ಚೆಂಡಿನಂಥ ಕಟ್ಟಡ. ದಿನಾ ಕಾಣುವಂಥದ್ದೇ.

"ಅಯ್ಯೋ, ಅದು ನೀರಿನ ಟ್ಯಾಂಕು ಅಲ್ವಾ?" ಎಂದಳು ಅಕ್ಕ. "ನಮ್ಮ ಬೀದಿಗೆ ನೀರು ಬರದಿದ್ದಾಗೆಲ್ಲ ಅದಕ್ಕೇ ಬೈತಿದ್ದೆ."

"ಬೈಬೇಡಿ ಅಮ್ಮ, ಪಾಪ. ಅದರೊಳಗೆ ಒಂದು ದೊಡ್ಡ ತಟ್ಟೆ ಸುತ್ತುತ್ತಾ ಇರುತ್ತೆ. ಒಂದು ಸಲ ಜೋರಾಗಿ ಕೂಗುತ್ತೆ, ತಕ್ಷಣ ಸುಮ್ಮನಾಗಿ ಕೇಳಿಸ್ಕೊಳ್ಳುತ್ತೆ. ಆ ಕೂಗು ಕಡಲು ದಾಟಿ ಹೋಗಿ, ಎಲ್ಲೋ ದೂರದಲ್ಲಿ ಬೀಳ್ತಿರೋ ಮಳೆ ಹನಿಗೆ ತಗುಲಿ, ಚೂರೇ ಚೂರು ವಾಪಸ್ ಬರುತ್ತೆ. ಅದನ್ನ ಕೇಳಿಸ್ಕೊಂಡು, ಮಳೆ ಎಲ್ಲಿದೆ, ಎಷ್ಟಿದೆ, ಯಾವ ಕಡೆ ಹೊರಟಿದೆ ಅಂತ ಹೇಳುತ್ತೆ."

"ಹನಿಯಿಂದಾನಾ?" ತಂತಿಯಣ್ಣನ ದನಿ ಇಳಿಯಿತು. "ಮಳೆ ಹನಿಯಿಂದ ವಾಪಸ್ ಬರುತ್ತಾ?"

"ಬರುತ್ತೆ. ಎಷ್ಟು ಸಣ್ಣಗೆ ಅಂದ್ರೆ, ನಿಮ್ಮ ಡಬ್ಬಿಯಿಂದ ಹೊರಡೋ ಶಕ್ತೀನ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ತಗೊಂಡು, ಅದನ್ನ ಮತ್ತೆ ಕೋಟಿ ಪಾಲು ಮಾಡಿ. ಅದರಲ್ಲಿ ಒಂದು ಪಾಲು ಬಂದ್ರೂ ಆ ತಟ್ಟೆಗೆ ಕೇಳುತ್ತೆ."

ತಂತಿಯಣ್ಣ ಬೆಟ್ಟದ ಕಡೆ ನೋಡುತ್ತ ನಿಂತುಬಿಟ್ಟ. ಇಷ್ಟು ವರ್ಷ ಸಿಗ್ನಲ್ಲನ್ನೇ ನಂಬಿ ಅನ್ನ ತಿಂದವನು ಅವನು. ಅವನ ಕಣ್ಣಿಗೆ ಆಕಾಶವೆಂದರೆ ಖಾಲಿ ಜಾಗ, ಎಷ್ಟು ಬೇಕಾದರೂ ತುಂಬಬಹುದಾದ ಜಾಗ. ಅಲ್ಲಿ ಒಂದು ಕಿವಿ ಹನಿಗಳ ಪಿಸುಮಾತು ಕೇಳುತ್ತ ಹಗಲಿರುಳು ಎಚ್ಚರವಾಗಿದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಬ್ಬಾ, ಎಂಥ ಕಿವಿಯಪ್ಪಾ ಅದು! ಆ ಕಿವಿಯ ಪಕ್ಕದಲ್ಲೇ ತಾನು ತಮಟೆ ಬಾರಿಸುತ್ತ ಕೂತಿದ್ದೆನಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಮೇಡಂ ಫೋನ್ ತೆಗೆದು ಹವಾಮಾನದ ಚಿತ್ರ ತೋರಿಸಿದರು. ಬೆಟ್ಟದಿಂದ ಹೊರಟ ಒಂದು ದಪ್ಪ ಗೆರೆ ಇವರ ಬೀದಿಯ ಮೇಲೆ ಹಾದು, ನೇರವಾಗಿ ಕಡಲೊಳಕ್ಕೆ ಹೋಗಿತ್ತು.

"ಇದು ನಿಮ್ಮ ಡಬ್ಬಿ ಬರೆದ ಗೆರೆ."

"ಈ ಗೆರೆನಾ!" ಅಕ್ಕ ಎದ್ದು ಬಂದಳು. "ನನ್ನ ಫೋನಲ್ಲೂ ದಿನಾ ಕಾಣುತ್ತೆ. ಗಾಜಿಗೆ ಗೀರು ಬಿದ್ದಿದೆ ಅಂತ ಉಜ್ಜಿ ಉಜ್ಜಿ ಸಾಕಾಯ್ತು." ಹಾಗೆಂದವಳು ಚಿತ್ರದ ಹತ್ತಿರಕ್ಕೆ ಬಗ್ಗಿದಳು. ಬೆರಳನ್ನು ಗೆರೆಯ ಮೇಲೆ ನಿಧಾನವಾಗಿ ಕಡಲ ಕಡೆಗೆ ಸರಿಸಿದಳು. "ಅಮ್ಮಾ, ಈ ಗೆರೆ ಇರೋ ಕಡೆ ಮಳೆ ಇದೆಯೋ ಇಲ್ವೋ?"

"ಗೊತ್ತಿಲ್ಲ ಅಮ್ಮ. ಅಲ್ಲಿ ರೇಡಾರಿಗೆ ಇವರ ಡಬ್ಬಿ ಮಾತ್ರ ಕೇಳ್ತಿದೆ. ಅದರ ಹಿಂದೆ ಏನಿದ್ರೂ ನಮಗೆ ಕಾಣಲ್ಲ."

"ನಮ್ಮವರು ಬೆಳಗ್ಗೆ ಬೋಟು ತಗೊಂಡು ಹೋಗಿರೋದು ಆ ಕಡೆಗೇ" ಎಂದಳು ಅಕ್ಕ. "ಚಿತ್ರದಲ್ಲಿ ಮಳೆ ಇಲ್ಲ, ಹೋಗ್ಬನ್ನಿ ಅಂತ ನಾನೇ ಕಳಿಸಿದೆ ಕಣೋ."

ತಂತಿಯಣ್ಣ ಮುಂದಿನ ಮಾತಿಗೆ ಕಾಯಲಿಲ್ಲ. ಓಡಿಹೋಗಿ ಟ್ಯಾಂಕಿನ ಕೆಳಗಿದ್ದ ಪ್ಲಗ್ಗು ಕಿತ್ತ. ಡಬ್ಬಿಯ ಹಸಿರು ದೀಪ ಆರಿತು. ಮರುಗಳಿಗೆಯೇ ಜೇಬಿನಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಹಲ್ಲಿನ ಡಾಕ್ಟರು. ಬಡಿದುಕೊಳ್ಳಲಿ ಎಂದು ಬಿಟ್ಟ.

ಮೂವರೂ ಫೋನಿನ ಮೇಲೆ ಬಗ್ಗಿ ನಿಂತರು. ಮುಂದಿನ ಚಿತ್ರ ಬರಲು ಕೆಲವು ನಿಮಿಷ ಬೇಕಿತ್ತು. ಕಡಲ ಮೇಲೆ ಬಿಸಿಲು ಹಾಗೇ ಇತ್ತು; ಕಣ್ಣಿಗೆ ಒಂದು ತುಂಡು ಮೋಡವೂ ಕಾಣುತ್ತಿರಲಿಲ್ಲ.

ಚಿತ್ರ ಬದಲಾಯಿತು. ಗೆರೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ, ದೂರದ ಕಡಲಿನ ಮೇಲೆ, ನಡುವೆ ಕಡುಗೆಂಪಾದ ಒಂದು ದೊಡ್ಡ ಮುದ್ದೆ ಕೂತಿತ್ತು.

"ದೇವರೇ" ಎಂದರು ಮೇಡಂ. "ಬಿರುಗಾಳಿ ಮಳೆ. ಆ ಗೆರೆಯ ಹಿಂದೆಯೇ ಎದ್ದಿದೆ." ಅವರು ಆಗಲೇ ಬೆಟ್ಟದ ಕಚೇರಿಗೆ ಫೋನ್ ಹಚ್ಚಿದ್ದರು. ಬೆಟ್ಟದವರೂ ನೋಡಿದ್ದರು, ಬಂದರಿಗೆ ಸುದ್ದಿ ಮುಟ್ಟಿತ್ತು. ಸ್ವಲ್ಪ ಹೊತ್ತಿಗೆ ಬಂದರಿನ ಸೈರನ್ ಕೂಗಿತು. ಅಲ್ಲಿಂದ ಬೋಟುಗಳ ರೇಡಿಯೊಗಳಿಗೆ ಕರೆ ಹೋಯಿತು: ತಿರುಗಿ, ಕೂಡಲೇ ದಡಕ್ಕೆ ತಿರುಗಿ.

ಅಕ್ಕ ಬಲೆಯನ್ನು ಅಲ್ಲೇ ಬಿಟ್ಟು ಬಂದರಿಗೆ ಓಡಿದಳು. ತಂತಿಯಣ್ಣ ಹಿಂದೆಯೇ ಹೋದ. ಕಟ್ಟೆಯ ಮೇಲೆ ನಿಂತವಳು ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅಷ್ಟೆ.

ಕಡಲಂಚು ಕಪ್ಪಾಯಿತು. ಆ ಕಪ್ಪಿನ ಮುಂದೆ ಬೋಟುಗಳು ಒಂದೊಂದಾಗಿ ಕಾಣಿಸಿಕೊಂಡವು. ಮೊದಲು ಬಂದದ್ದು ಭಾವನದಲ್ಲ, ಆಮೇಲಿನದೂ ಅಲ್ಲ. ಭಾವನ ನೀಲಿ ಪಟ್ಟೆಯ ಬೋಟು ಕಂಡಾಗ ಅಕ್ಕ ತಮ್ಮನ ತೋಳು ಬಿಟ್ಟು ಕಟ್ಟೆಯ ತುದಿಗೆ ಓಡಿದಳು. ಮೊದಲ ದಪ್ಪ ಹನಿಗಳು ಬೀಳುವಾಗ ಭಾವ ಕಟ್ಟೆಗೆ ಬಂದು ಸೇರಿದ.

"ಏನ್ ಆಶ್ಚರ್ಯ ಅಂತೀಯಾ!" ಎಂದ ಭಾವ, ಗಾಳಿಯಲ್ಲಿ ಕೂಗುತ್ತಾ. "ನೆತ್ತಿ ಮೇಲೆ ಬಿಸಿಲು. ರೇಡಿಯೊದವರು ತಿರುಗಿ ಅಂತಾರೆ. ಇವರಿಗೆ ತಲೆ ಕೆಟ್ಟಿದ್ಯಾ ಅಂದ್ಕೊಂಡೇ ತಿರುಗಿಸಿದೆ. ಸ್ವಲ್ಪ ದೂರ ಬಂದು ಹಿಂದೆ ನೋಡ್ತೀನಿ, ನಾವಿದ್ದ ಜಾಗದಲ್ಲಿ ಕಡಲು ಯಾವ್ದು, ಆಕಾಶ ಯಾವ್ದು ಅಂತ ಗೊತ್ತೇ ಆಗ್ತಿಲ್ಲ!"

"ಭಾವ, ಆ ಮಳೆಗೆ ಪರದೆ ಹಾಕಿದ್ದು ನಾನೇ. ನನ್ನ ಡಬ್ಬಿ" ಎಂದ ತಂತಿಯಣ್ಣ. ಅವನಿಗೆ ಅಳು ಬಂದುಬಿಟ್ಟಿತು. ತಡೆಯುತ್ತ ತಡೆಯುತ್ತ ಎಲ್ಲ ಹೇಳಿದ.

ಭಾವ ಮುಖದ ಮೇಲಿನ ನೀರು ಒರೆಸಿಕೊಂಡು ಬೆಟ್ಟದ ಕಡೆ ನೋಡಿದ, ಇವನ ಕಡೆ ನೋಡಿದ. "ಪ್ಲಗ್ಗು ಕಿತ್ತಿದ್ದು ಯಾರು?"

"ನಾನೇ."

"ಹಾಗಿದ್ರೆ ನಿಂತು ಅಳಬೇಡ. ಹಗ್ಗ ಹಿಡಿ, ಬೋಟು ಕಟ್ಟೋಣ."

ಮರುದಿನ ಮೇಡಂ ಮತ್ತೆ ಬಂದರು. ಕಾಯಿದೆ ಮೀರಿದ್ದಕ್ಕೆ ನೋಟೀಸು ಕೊಟ್ಟರು; ತಂತಿಯಣ್ಣ ಸಹಿ ಹಾಕಿದ. ಆಮೇಲೆ ಇಬ್ಬರೂ ಕಂಬದ ಕೆಳಗೆ ಕೂತು ಡಬ್ಬಿಯನ್ನು ಸ್ವದೇಶಕ್ಕೆ ಕರೆತಂದರು. ದೊಡ್ಡ ತಟ್ಟೆ ಇಳಿಸಿ, ಡಬ್ಬಿಯ ಜೊತೆ ಒಪ್ಪಿಗೆ ಪಡೆದು ಬಂದಿದ್ದ ಹಳೆಯ ಆಂಟೆನಾವನ್ನೇ ಕಟ್ಟಿದರು. ಅದರ ಮುಖವನ್ನು ಬೆಟ್ಟದ ಕಡೆಯಿಂದ ತಿರುಗಿಸಿದರು. ರೇಡಾರಿನ ತರಂಗದಿಂದ ದೂರವಿರುವ ಚಾನೆಲ್ ಆರಿಸಿದರು, ಡಬ್ಬಿಯ ಸಾಫ್ಟ್‌ವೇರನ್ನೂ ಹೊಸದು ಮಾಡಿದರು.

"ಇದರಲ್ಲಿ ನೆಟ್ ಆಗಾಗ ನಿಲ್ಲುತ್ತಾ ಮೇಡಂ?"

"ಸರಿಯಾದ ಚಾನೆಲ್ ಇದ್ರೆ ನಿಲ್ಲೋದು ಅಪರೂಪ. ನಿಂತ್ರೂ ಯಾಕೆ ನಿಂತಿದೆ ಅಂತ ಈಗ ನಿಮಗೆ ಗೊತ್ತಲ್ಲ."

ಪ್ಲಗ್ಗು ಹಾಕಿದರು. ದೀಪ ಮಿಣುಕಿತು. ಡಬ್ಬಿ ಇನ್ನೂ ಮಾತಾಡಲಿಲ್ಲ, ಅದು ಕೇಳುತ್ತಿತ್ತು. ಅಕ್ಕನೂ ಭಾವನೂ ಮೆಟ್ಟಿಲ ಬಳಿ ಬಂದು ನಿಂತಿದ್ದರು. ಯಾರೂ ಹೇಳದಿದ್ದರೂ ಎಲ್ಲರೂ ಉಸಿರು ಬಿಗಿಹಿಡಿದರು. ಆ ಒಂದು ನಿಮಿಷ ತಂತಿಯಣ್ಣ ಬೆಟ್ಟದ ಮೇಲಿನ ಬಿಳಿ ಚೆಂಡನ್ನೇ ನೋಡುತ್ತಿದ್ದ, ಮೊದಲ ಸಲ ನೋಡುವವನ ಹಾಗೆ.

ಅಷ್ಟರಲ್ಲಿ ಫೋನ್ ಬಂತು. "ಏನ್ರೀ, ನೆಟ್ ಇನ್ನೂ ಬಂದಿಲ್ವಲ್ರೀ!"

"ಒಂದೇ ನಿಮಿಷ ಡಾಕ್ಟ್ರೇ, ಬಾಯಿ ತಕ್ಕೊಂಡೇ ಇರಿ" ಎಂದ ತಂತಿಯಣ್ಣ. "ನಮ್ಮ ಡಬ್ಬಿ ಈಗ ಮಳೇನ ಕೇಳ್ತಿದೆ."

ಕೇಳಿದಿರಲ್ಲ? ನಿಮ್ಮ ಮಾಳಿಗೆಯ ಮೇಲೂ, ನಿಮ್ಮ ಅಂಗಡಿಯ ಗೋಡೆಯ ಮೇಲೂ ಇಂಥದೊಂದು ಡಬ್ಬಿ ಇರಬಹುದು. ನಮ್ಮ ದೇಶದ ಒಪ್ಪಿಗೆಯ ಗುರುತು ಇರುವುದನ್ನೇ ಕೊಳ್ಳಿ. ದೇಶ ಯಾವುದು ಎಂದು ಡಬ್ಬಿ ಕೇಳಿದರೆ ನಿಜ ಹೇಳಿ. ಹೆಚ್ಚು ದೂರ ಮುಟ್ಟಲಿ ಎಂದು ಶಕ್ತಿ ಏರಿಸಬೇಡಿ, ಸಿಕ್ಕ ಆಂಟೆನಾ ಬಿಗಿಯಬೇಡಿ. ರೇಡಾರನ್ನು ಕೇಳುವ ಅದರ ಕಿವಿಯನ್ನು ಮಾತ್ರ ಯಾವತ್ತೂ ಮುಚ್ಚಬೇಡಿ. ತಿಳಿಯದಿದ್ದರೆ ಹಾಕಿಕೊಟ್ಟವರನ್ನು ಕೇಳಿ, ಇಲಾಖೆಯವರನ್ನು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ನಿಮ್ಮ ನೆಟ್ ಇವತ್ತು ಒಂದು ನಿಮಿಷ ನಿಂತರೆ, ಬೈಯುವ ಮೊದಲು ಒಮ್ಮೆ ಕಡಲನ್ನು ನೆನೆಸಿಕೊಳ್ಳಿ. ಯಾರದೋ ಭಾವ ಆ ನಿಮಿಷದಲ್ಲಿ ಮನೆಯ ಕಡೆಗೆ ಬೋಟು ತಿರುಗಿಸುತ್ತಿರಬಹುದು.