ಬೇಲಿಮೂಲೆಯ ಜಾಡು

ಕ್ಲೆಮ್ ಟ್ರೆಗೆನ್ಜಾನ ಹೊಟ್ಟೆಕಿಚ್ಚಿಗೆ ತುಪ್ಪ ಸುರಿಯಲು ಊರಿನವರು ಸಾಲದೆ ಆಕಾಶವೂ ಸೇರಿಕೊಂಡಿತ್ತು.

ಕಂಪ್ಯೂಟರಿನ ಉಪಗ್ರಹ ನಕ್ಷೆಯಲ್ಲಿ ಪಿನ್ಯಾರ್ ಅಂತ ಹುಡುಕಿದರೆ ಊರಿನ ನಡುವೆ ಉದ್ದಕ್ಕೆ ಒಂದು ಗೆರೆ ಕಾಣುತ್ತಿತ್ತು. ಎರಡು ಬೇರೆ ಬೇರೆ ಚಿತ್ರ ತಂದು ಅಂಟಿಸಿದ ಗೆರೆ. ಇಡೀ ವಿಮ್ಮೆರಾ ಸೀಮೆಯಲ್ಲಿ ಅದಕ್ಕೆ ಬೀಳಲು ಬೇರೆ ಜಾಗವೇ ಸಿಗಲಿಲ್ಲವೇನೋ, ಕ್ಲೆಮ್‌ನ ಜಮೀನಿಗೂ ಪಕ್ಕದ ಕೆಲ್ವಿನ್ ನೋಸ್ಕಿಯ ಜಮೀನಿಗೂ ನಡುವಿನ ಬೇಲಿಯ ಮೇಲೇ ಬಿದ್ದಿತ್ತು. ಕೆಲ್ವಿನ್ ಕಡೆ ರೈಲುನಿಲ್ದಾಣ, ಧಾನ್ಯ ತುಂಬಿಡುವ ಸೈಲೊ ಗೋಪುರಗಳು ಇದ್ದುದರಿಂದ ಅತ್ತಕಡೆಗೆ ಒಳ್ಳೆಯ ಚಿತ್ರ ಹಾಕಿದ್ದರು, ಎಲ್ಲ ಸ್ಪಷ್ಟ. ಅವನ ಗೋಧಿ ಹೊಲದ ಕೂರಿಗೆ ಸಾಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಕ್ಲೆಮ್ ಕಡೆ? ಒದ್ದೆ ಬಟ್ಟೆಯಲ್ಲಿ ಒರೆಸಿದ ಸ್ಲೇಟು. ಮನೆ ಯಾವುದು, ಕುರಿ ದೊಡ್ಡಿ ಯಾವುದು ಅವನಿಗೇ ಗೊತ್ತಾಗುತ್ತಿರಲಿಲ್ಲ.

ಕೆಲ್ವಿನ್‌ನ ಮಗಳು ಆ ಚಿತ್ರಕ್ಕೆ ಕಟ್ಟು ಹಾಕಿಸಿ ಅಪ್ಪನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದಳು. ಅದು ಅವರ ಅಡುಗೆಮನೆ ಗೋಡೆಗೆ ಏರಿತು. ಹೋದವರೆಲ್ಲ "ಅಬ್ಬಾ, ಬಾಚಣಿಗೇಲಿ ಬಾಚಿದ ಹಾಗಿದೆ" ಅನ್ನುವವರೇ. ಕ್ಲೆಮ್ ನಕ್ಷೆಯ ಕಂಪನಿಗೆ ದೂರು ಬರೆಯಲು ಕೂತ. ಮೊದಲು ಮರ್ಯಾದೆಯಿಂದ ಬರೆದ, ಆಮೇಲೆ ಮರ್ಯಾದೆ ಬಿಟ್ಟು ಬರೆದ. ಎರಡಕ್ಕೂ ಯಂತ್ರವೊಂದು ಒಂದೇ ಧನ್ಯವಾದ ಕಳಿಸಿತು.

ಪಿನ್ಯಾರ್‌ನಲ್ಲಿ ಭಾನುವಾರ ಊಟವಾದ ಮೇಲೆ ಗಂಡಸರು ಪಿಕಪ್ ಹತ್ತಿ ಹೊರಡುತ್ತಾರೆ. ಗಾಜು ಇಳಿಸಿ, ಆಮೆ ನಡಿಗೆಯಲ್ಲಿ, ಊರವರ ಬೆಳೆ ನೋಡಿಕೊಂಡು ಬರುತ್ತಾರೆ. ಯಾರದ್ದು ಹಳದಿಯಾಗಿದೆ, ಯಾರ ಕೂರಿಗೆಯ ಕೊಳವೆ ಕಟ್ಟಿಕೊಂಡು ಎಲ್ಲಿ ಬೀಜ ಬೀಳದೆ ಹೋಗಿದೆ, ಎಲ್ಲ ಸೋಮವಾರದ ಹೊತ್ತಿಗೆ ಊರಿಗೇ ಗೊತ್ತು. ಕ್ಲೆಮ್ ಮಾತ್ರ ಹೋಗುತ್ತಿರಲಿಲ್ಲ. "ಇನ್ನೊಬ್ಬರ ಬೇಲಿ ಮೇಲೆ ಕತ್ತು ಚಾಚೋ ಬುದ್ಧಿ ನಂಗಿಲ್ಲಪ್ಪ" ಅಂತ ಹದಿನೈದು ವರ್ಷದಿಂದ ಕ್ಲಬ್ಬಿನಲ್ಲಿ, ಕುರಿ ಸಂತೆಯಲ್ಲಿ, ಸತ್ತವರ ಮನೆಯಲ್ಲೂ ಹೇಳಿಕೊಂಡು ಬಂದಿದ್ದ. ಅದರಲ್ಲೂ ಕೆಲ್ವಿನ್ ಎದುರಿಗೆ ಸಿಕ್ಕರೆ ಎರಡು ಸಲ ಹೇಳುತ್ತಿದ್ದ.

ಹೀಗಿರುವಾಗ ವಾರಪತ್ರಿಕೆಯಲ್ಲಿ ಸುದ್ದಿ ಬಂತು: ಹಳ್ಳಿಗಾಡಿನ ಉಪಗ್ರಹ ಚಿತ್ರಗಳನ್ನೆಲ್ಲ ಹೊಸದಾಗಿ, ಸ್ಪಷ್ಟವಾಗಿ ಹಾಕಿದ್ದಾರಂತೆ. ಕ್ಲೆಮ್ ಬೂಟು ಕೂಡ ಬಿಚ್ಚದೆ ಕಂಪ್ಯೂಟರಿನ ಮುಂದೆ ಕೂತ. ಗೆರೆ ಮಾಯವಾಗಿತ್ತು! ಅವನ ಗೋಧಿ, ಅವನ ಮಸೂರ್ ಹೊಲ, ಕೂರಿಗೆ ಸಾಲುಗಳು ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಮಲಗಿದ್ದವು. ಕೆಲ್ವಿನ್‌ಗಿಂತ ಒಂದು ಕೂದಲೂ ಕಡಿಮೆಯಿಲ್ಲ. ಅವನಿಗೆ ಅಳುವೇ ಬರುವಂತಾಯಿತು.

ಮಾರನೆಯ ದಿನ ಊರ ಹಾಲ್‌ನ ಸಮಿತಿ ಸಭೆ. ಹಾಲ್ ಕಟ್ಟಿ ನೂರು ವರ್ಷವಾಗುತ್ತಿತ್ತು. ಹನ್ನೊಂದು ವರ್ಷದಿಂದ ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಕ್ಲೆಮ್ ಎದ್ದು ನಿಂತ.

"ಇಡೀ ಪಿನ್ಯಾರ್‌ನ ಆಕಾಶದ ಚಿತ್ರ ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ಹಚ್ಚೋಣ. ಎಲ್ಲರ ಜಮೀನೂ ಕಾಣ್ಲಿ. ಬರೀ ಕೆಲವರದ್ದಲ್ಲ."

ಅಧ್ಯಕ್ಷೆ ಬೆರಿಲ್ ಕನ್ನಡಕ ತೆಗೆದು ನೋಡಿದಳು. "ಯಾರು, ಕ್ಲೆಮ್ಮಾ? ಇವತ್ತಿನ ತಾರೀಖು ಬರೆದಿಟ್ಕೊಳ್ಳಿ ಕಣ್ರೋ, ಒಳ್ಳೆ ಮಾತಾಡಿದಾನೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲ್ವಿನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ಅದೂ ಕ್ಲೆಮ್‌ಗೆ ಚುಚ್ಚಿತು.

ಮೂರು ದಿನದ ಮೇಲೆ ಹೆಂಡತಿ ಎಲ್ವಾ ತಾನೂ ನೋಡೋಣ ಅಂತ ಕೂತಳು. ಕ್ಲೆಮ್ ದೂರದಿಂದಲೇ ನೋಡಿ ಹಿಗ್ಗಿದ್ದ, ಅವಳು ಚಿತ್ರವನ್ನು ಹತ್ತಿರಕ್ಕೆ ತಂದಳು. ಇನ್ನೂ ಹತ್ತಿರಕ್ಕೆ.

"ಇದೇನಿದು ಬಿಳೀ ಗೆರೆ?"

"ಕುರಿ ಜಾಡು ಇರ್ಬೇಕು."

"ಕುರಿ ಜಾಡು ಸೊಟ್ಟ ಇರುತ್ತೆ ಮಾರಾಯ. ಇದು ಜೋಡಿ ಗೆರೆ. ಗಾಲೀದು." ಅವಳ ಬೆರಳು ಮನೆಯ ಹಿಂದಿನಿಂದ ಹೊರಟು, ಕುರಿ ಮೇಯುವ ಹೊಲದ ನಡುವೆ ಸೀಳಿಕೊಂಡು, ಬೇಲಿಮೂಲೆಯ ದಿಬ್ಬಕ್ಕೆ ಹೋಗಿ ನಿಂತಿತು. ಅಲ್ಲಿ ಗಾಡಿ ತಿರುಗಿಸಿ ತಿರುಗಿಸಿ ನೆಲ ಒಂದು ಕಣದಷ್ಟು ಅಗಲ ಬೋಳಾಗಿತ್ತು. ದಿಬ್ಬದಿಂದ ಆಚೆಗೆ ಕೆಲ್ವಿನ್‌ನ ಇಡೀ ಗೋಧಿ ಹೊಲ. "ನೀನು ದಿನಾ ಸಾಯಂಕಾಲ ನೋಡ್ಕೊಂಡು ಬರೋ ಕುರಿ ಇದೇನಾ?"

ಇಡೀ ಜಮೀನಿನಲ್ಲಿ ಅಷ್ಟು ಸವೆದ ದಾರಿ ಇನ್ನೊಂದಿರಲಿಲ್ಲ. ರಸ್ತೆಯಲ್ಲಿ ಹೋದರೆ ಊರಿನವರಿಗೆ ಕಾಣುತ್ತದೆ ಅಂತ ಕ್ಲೆಮ್ ಒಳಗಿನಿಂದಲೇ ಹೋಗಿ ಬಂದಿದ್ದ. ನೆತ್ತಿಯ ಮೇಲಿನಿಂದ ನೋಡುವವನೊಬ್ಬ ಇದ್ದಾನೆಂದು ಅವನಿಗೆ ಹೊಳೆದಿರಲೇ ಇಲ್ಲ. ಈಗ ಅದು ಹಾಲ್‌ನ ಗೋಡೆ ಏರುತ್ತದೆ. ಕೆಲ್ವಿನ್ ನೋಡುತ್ತಾನೆ. ನೋಡಿ, ಕ್ಲೆಮ್ ಹದಿನೈದು ವರ್ಷ ಹೊಟ್ಟೆ ಉರಿಸಿಕೊಂಡದ್ದನ್ನು ಒಂದೇ ನೋಟಕ್ಕೆ ಓದಿಬಿಡುತ್ತಾನೆ. ಸಾಯುವುದು ವಾಸಿ ಅನ್ನಿಸಿತು.

ಬೆರಿಲ್‌ಗೆ ಫೋನು ಮಾಡಿದ. "ಯೋಚನೆ ಮಾಡ್ದೆ. ಆ ಚಿತ್ರ ಬೇಡ. ಜನರ ಖಾಸಗಿ ವಿಷಯ ಇರುತ್ತೆ ನೋಡು."

"ಅಚ್ಚಿಗೆ ಹೋಗಾಯ್ತಲ್ಲೋ! ನಿಂದೇ ಪ್ಲಾನು. ಏನು, ಕದ್ದ ಕುರಿ ಬಚ್ಚಿಟ್ಟಿದೀಯಾ?" ಅವಳು ನಕ್ಕ ನಗು ಫೋನು ಇಟ್ಟ ಮೇಲೂ ಕಿವಿಯಲ್ಲಿ ಉಳಿಯಿತು.

ಆಮೇಲೆ ಅವನು ಮಾಡಿದ ಕೆಲಸ ಕೇಳಿದರೆ ನಗು ಬರುತ್ತದೆ. ಟ್ರಾಕ್ಟರಿಗೆ ಕುಂಟೆ ಕಟ್ಟಿಕೊಂಡು ಹೋಗಿ ಆ ಜಾಡನ್ನೆಲ್ಲ ಹರಗಿ ಬಂದ. ಬೆವರು ಒರೆಸಿಕೊಂಡು ಕಂಪ್ಯೂಟರ್ ತೆರೆದ. ಜಾಡು ಇದ್ದಲ್ಲೇ ಇತ್ತು. ಆಕಾಶದವನು ಯಾವತ್ತೋ ನೋಡಿಕೊಂಡು ಹೋಗಿಯಾಗಿತ್ತು.

ನೂರನೆಯ ವರ್ಷದ ದಿನ ಹೆಂಗಸರು ತಟ್ಟೆಗಟ್ಟಲೆ ಸ್ಕೋನು ಅನ್ನುವ ಮೆತ್ತನೆ ಬನ್ನು, ಜಾಮು, ಕೆನೆ ತಂದಿದ್ದರು. ಗೋಡೆಯ ಮೇಲೆ ಚಿತ್ರ, ಆರು ಹೆಜ್ಜೆ ಅಗಲ. ಜನ ಅದಕ್ಕೆ ಮೂಗು ತಾಗಿಸಿ ನಿಂತರು. "ನೋಡೇ, ನಮ್ಮ ನೀರಿನ ಟ್ಯಾಂಕು!" "ನಿಮ್ಮ ಅಂಗಳದಲ್ಲಿ ಆ ಕೆಟ್ಟ ಕಾರು ಇನ್ನೂ ಇದ್ಯಲ್ಲೋ, ನಾಚಿಕೆಗೇಡಿ!" ಎಲ್ಲರಿಗೂ ಅವರವರ ಮನೆಯದೇ ಚಿಂತೆ. ಕ್ಲೆಮ್ ಬೇಕೆಂದೇ ತನ್ನ ಬೇಲಿಮೂಲೆಗೆ ಬೆನ್ನು ಕೊಟ್ಟು, ಅದನ್ನು ಭುಜದಲ್ಲಿ ಮುಚ್ಚಿಕೊಂಡು ನಿಂತಿದ್ದ. ಎಷ್ಟು ಹೊತ್ತು ನಿಂತಾನು? ಕೆಲ್ವಿನ್ ಬಂದು ಮೆಲ್ಲಗೆ ಅವನನ್ನು ಪಕ್ಕಕ್ಕೆ ಸರಿಸಿದ.

"ಸ್ವಲ್ಪ ಜರುಗು ಮಾರಾಯ, ನಮ್ಮ ಗಡಿ ನೋಡ್ತೀನಿ." ಬಗ್ಗಿ ನೋಡಿದ. "ಓಹೋ, ಆ ಮೂಲೇಲಿ ಕುರಿಗೆ ತೊಟ್ಟಿ ಕಟ್ಟಿಸಿದೀಯಾ? ಎಷ್ಟು ಓಡಾಡಿದೀಯೋ! ನಂಗೆ ಗೊತ್ತೇ ಇರ್ಲಿಲ್ಲ."

ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಅಂದಿದ್ದರೆ ಸಾಕಿತ್ತು. ಎಲ್ವಾ ಕೂಡ ದೂರದಿಂದಲೇ ಹೂಂ ಅನ್ನು ಎಂದು ಕಣ್ಣು ಮಾಡಿದಳು. ಆದರೆ ಕ್ಲೆಮ್‌ನ ಕಣ್ಣು ಬೇಲಿಯ ಆಚೆ ಕಡೆ, ಕೆಲ್ವಿನ್‌ನ ಹೊಲದ ಮೇಲೆ ಹುಡುಕುತ್ತಿತ್ತು. ಇತ್ತ ಬರುವ ಒಂದು ಗಾಲಿ ಗುರುತು, ಬೇಡ, ಒಂದು ಕಾಲುದಾರಿ. ಏನೂ ಇರಲಿಲ್ಲ. ಗೋಧಿ ಬೇಲಿಯ ತಂತಿಯವರೆಗೂ ಹಸಿರಾಗಿ ನಿಂತಿತ್ತು. ಕೆಲ್ವಿನ್ ಒಂದು ದಿನವೂ ಇತ್ತ ತಿರುಗಿ ನೋಡಿಲ್ಲ. ಕ್ಲೆಮ್‌ಗೆ ಮೈಯೆಲ್ಲ ಉರಿಯಿತು.

"ತೊಟ್ಟಿ ಅಲ್ಲ" ಎಂದ, ಸ್ವಲ್ಪ ಜೋರಾಗಿಯೇ. "ನಿನ್ನ ಗೋಧಿ ನೋಡೋಕೆ ಹೋಗ್ತಿದ್ದೆ. ದಿನಾ. ಹದಿನೈದು ವರ್ಷದಿಂದ."

ಹತ್ತಿರದವರು ತಿರುಗಿ ನೋಡಿದರು. ಕೆಲ್ವಿನ್ ಗೇಲಿ ಮಾಡುತ್ತಾನೆ, ಬೀಗುತ್ತಾನೆ ಅಂತ ಕ್ಲೆಮ್ ಕಾದ.

"ನನ್ನ ಗೋಧೀನಾ?" ಕೆಲ್ವಿನ್ ನಿಜಕ್ಕೂ ಗಲಿಬಿಲಿಗೊಂಡಿದ್ದ. "ನೋಡೋಕೇನಿತ್ತೋ ಅದ್ರಲ್ಲಿ? ಗೇಟಲ್ಲಿ ಬರೋದಲ್ವಾ, ಟೀನಾದ್ರೂ ಕುಡೀಬಹುದಿತ್ತು." ಅವನ ಭುಜ ತಟ್ಟಿ, ಸ್ಕೋನು ಖಾಲಿಯಾದಾವು ಅಂತ ಮೇಜಿನ ಕಡೆ ಹೋದ.

ಎಲ್ವಾ ಬಂದು ಪಕ್ಕದಲ್ಲಿ ನಿಂತಳು.

"ಅವನ ಕಡೆಯಿಂದ ಒಂದೇ ಒಂದು ಗೆರೆ ಇಲ್ಲ, ಎಲ್ವಾ" ಎಂದ ಕ್ಲೆಮ್.

ಅವಳು ಚಿತ್ರದಲ್ಲಿ ತಮ್ಮ ಮನೆಯ ಮಾಡು ನೋಡುತ್ತಿದ್ದಳು. "ಹದಿನೈದು ವರ್ಷ ಸಾಯಂಕಾಲ ನಾನು ಅದರ ಜಗಲೀಲಿ ಒಬ್ಬಳೇ ಕೂತಿದ್ದೆ" ಎಂದಳು. "ನಾನು ಕೂತಿದ್ದಕ್ಕೂ ಅಲ್ಲಿ ಏನೂ ಗುರುತಿಲ್ಲ, ನೋಡು."

ಕ್ಲೆಮ್ ನೋಡಿದ. ಕನ್ನಡಕ ಹಾಕಿಕೊಂಡು, ಮೊದಲ ಸಲ ತನ್ನ ಮನೆಯನ್ನೇ ನೋಡಿದ.