ಹಸಿರು ಅಕ್ಷರದ ಓಕೆ

ನಮ್ಮ ಜೆ.ಪಿ. ನಗರದ ಆಫೀಸಿನ ಲಿನಕ್ಸ್ ಮೆಷಿನ್ನಿಗೆ ಒಂದು ಕೆಟ್ಟ ಚಾಳಿಯಿತ್ತು. ಆಫೀಸಿನಲ್ಲಿ ಯಾರೂ ಇಲ್ಲದಾಗ ಫೋನ್ ಎತ್ತಿ, ಆ ಕಡೆಯವರ ಮಾತನ್ನು ರೆಕಾರ್ಡ್ ಮಾಡಿಕೊಳ್ಳುವ ಪ್ರೋಗ್ರಾಂ ಅದರಲ್ಲಿತ್ತು. ಬರೆದವನು ನಾನೇ. ಮೆಷಿನ್ ಆನ್ ಮಾಡಿದರೆ, ಫೋನ್ ಲೈನಿಗೆ ಜೋಡಿಸಿದ್ದ ಮೋಡೆಮ್ ಏಳುವ ಮೊದಲೇ ಈ ಪ್ರೋಗ್ರಾಂ ಎದ್ದು, ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ‘ಓಕೆ’ ಎಂದು ತೋರಿಸಿ, ಮರುಕ್ಷಣವೇ ಸತ್ತುಹೋಗುತ್ತಿತ್ತು. ಆಮೇಲೆ ನಾನು ಕೈಯಾರೆ ಇನ್ನೊಮ್ಮೆ ಶುರು ಮಾಡಬೇಕು. ಯಾವುದು ಮೊದಲು ಏಳಬೇಕು ಎಂದು ಮೆಷಿನ್ನಿಗೆ ಹೇಳುವ ಒಂದು ಸಾಲನ್ನು ಬದಲಿಸಿದ್ದರೆ ಮುಗಿಯುತ್ತಿತ್ತು. ನಾಳೆ, ನಾಡಿದ್ದು ಎಂದು ಒಂದು ವರ್ಷ ತಳ್ಳಿದೆ. ದರಿದ್ರ ಸೋಮಾರಿತನ.

ಜೊತೆಗೆ ಕೆಲಸ ಮಾಡುತ್ತಿದ್ದ ಮೌನೇಶನ ಬಿಟಿಎಂ ರೂಮಿನಲ್ಲಿ ಫೋನಿರಲಿಲ್ಲ. ಅವನನ್ನು ಸಾಕಿ ಬೆಳೆಸಿದ ಅಕ್ಕ ಶಂಕ್ರವ್ವ, ಗದಗದಿಂದ ಪ್ರತಿ ಭಾನುವಾರ ಈ ಮೆಷಿನ್ನಿನ ಜೊತೆಗೇ ಮಾತಾಡುತ್ತಿದ್ದಳು. ಸೋಮವಾರ ಬಂದವನೇ ಅವನು ಅದನ್ನು ಕೇಳುತ್ತ ಒಬ್ಬನೇ ನಗುತ್ತಿದ್ದ.

2001ರ ಆಯುಧಪೂಜೆಯ ದಿನ ಅವನೇ ಹೇಳಿದ: “ಸುಭಾಷ್ ಸರ್, ಇದನ್ನೂ ಬಂದ್ ಮಾಡ್ರಿ. ಭಾಳ ದುಡದೈತಿ. ಕುಂಕುಮ ಹಚ್ಚೂಣು.”

ಯುಪಿಎಸ್ ದಯೆಯಿಂದ ತಿಂಗಳುಗಟ್ಟಲೆ ಆರದಿದ್ದ ಮೆಷಿನ್ನನ್ನು ಆರಿಸಿ, ಪೂಜೆ ಮಾಡಿ, ಮತ್ತೆ ಆನ್ ಮಾಡಿದೆವು. ಹಸಿರು ಓಕೆ ಬಂತು. ಮೂರು ದಿನ ರಜ ಎಂಬ ಖುಷಿಯಲ್ಲಿ ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಹೊರಟೆ. ಇನ್ನೊಮ್ಮೆ ಶುರು ಮಾಡುವುದನ್ನು ಮರೆತೇಬಿಟ್ಟೆ.

ಸೋಮವಾರ ಬೆಳಿಗ್ಗೆ ಮೌನೇಶನ ಭಾವ ಗುರುಶಾಂತಪ್ಪನ ಫೋನ್ ಬಂತು. ಶಂಕ್ರವ್ವ ಹಿಂದಿನ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

ಕಾರ್ಯ ಮುಗಿಸಿ ಬಂದ ಮೌನೇಶ ನೇರವಾಗಿ ನನ್ನ ಮೇಜಿನ ಹತ್ತಿರ ಬಂದ. “ಅಕ್ಕ ಆಸ್ಪತ್ರ್ಯಾಗ ಕೆಳಗ ಫೋನ್ ಬೂತಿಗೆ ಇಳದು ಮೂರು ಸಲ ಇಲ್ಲಿಗೆ ಫೋನ್ ಹಚ್ಚಿದ್ಳಂತ್ರಿ. ಆಕಿ ದನಿ ಇದರಾಗ ಇರಬೇಕು. ಕೇಳಸ್ರಿ.”

ಲೈನ್ ಕೆಟ್ಟಿತ್ತು ಎನ್ನಬಹುದಿತ್ತು. ಅವನ ಮುಖ ನೋಡಿ ಆ ಸುಳ್ಳು ಬಾಯಿಗೆ ಬರಲಿಲ್ಲ.

“ಇಲ್ಲ ಮೌನೇಶ. ಪೂಜೆ ಆದ್ಮೇಲೆ ಅದನ್ನ ಇನ್ನೊಂದ್ಸಲ ಸ್ಟಾರ್ಟ್ ಮಾಡ್ಬೇಕಿತ್ತು. ನಾನು ಮಾಡ್ಲಿಲ್ಲ. ತಪ್ಪು ನಂದೇ ಕಣೋ.”

ಅವನು ಮೆಷಿನ್ನಿನ ಮೇಲೆ ಒಣಗಿದ್ದ ಕುಂಕುಮವನ್ನೇ ನೋಡುತ್ತ ನಿಂತ. “ಬಂದ್ ಮಾಡ್ರಿ ಅಂದಾಂವ ನಾನ ಅಲ್ಲೇನ್ರಿ?” ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು.

ಅವನ ಎದುರಿಗೇ ಆ ಸಾಲು ಬದಲಿಸಿದೆ. ಎರಡು ನಿಮಿಷದ ಕೆಲಸ. ಮೆಷಿನ್ನನ್ನು ಆರಿಸಿ ಮತ್ತೆ ಆನ್ ಮಾಡಿದೆ.

ಮೌನೇಶ ಆಫೀಸಿನ ಇನ್ನೊಂದು ಫೋನಿನಿಂದ ನಂಬರ್ ಒತ್ತಿದ. ಎರಡನೇ ರಿಂಗಿಗೇ ಮೆಷಿನ್ ಎತ್ತಿಕೊಂಡಿತು.

“ಈಗ ಎತ್ತತೈತ್ರಿ,” ಎಂದು ರಿಸೀವರ್ ಇಟ್ಟ.